ಲೋಕಾಯುಕ್ತರ ಕುರ್ಚಿ ಖಾಲಿಯಿದ್ದರೆ ಯಾರಿಗೆ ಲಾಭ?

ಸಂಡೂರು, ಹೊಸಪೇಟೆ, ಬಳ್ಳಾರಿ ಸೀಮೆಯ ಅದಿರು ಲೂಟಿಯ ಲೆಕ್ಕ ಹೊರತೆಗೆದವರು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. 2011ರ ಜುಲೈ 27ರಂದು ಅವರು ಕೊಟ್ಟ ಎರಡನೆಯ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಅಧಿಕಾರ ಬಿಟ್ಟರು. ನಾವು ಹೆಗ್ಡೆಯವರ ದಿಟ್ಟತನವನ್ನು ಕೊಂಡಾಡಿದೆವು, ತಪ್ಪಲ್ಲ. ಆದರೆ ಅಂಥವರು ಆ ಕುರ್ಚಿಗೆ ಬರುವುದು ಹೇಗೆ, ಬಾರದಂತೆ ನೋಡಿಕೊಳ್ಳುವುದು ಎಷ್ಟು ಸಲೀಸು ಎಂದು ಕೇಳಲೇ ಇಲ್ಲ.

1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಪ್ರಕಾರ ಲೋಕಾಯುಕ್ತರನ್ನು ನೇಮಿಸುವವರು ರಾಜ್ಯಪಾಲರು, ಸಲಹೆ ಕೊಡುವವರು ಮುಖ್ಯಮಂತ್ರಿ. ಅಂದರೆ ತನಿಖೆಗೆ ಒಳಗಾಗಬಹುದಾದವರೇ ತನಿಖೆ ಮಾಡುವವರನ್ನು ಆರಿಸುತ್ತಾರೆ. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯ ಜತೆ ಸಮಾಲೋಚನೆ ಕಡ್ಡಾಯ, ಆದರೆ ಅವರ ಅಭಿಪ್ರಾಯವೇ ಅಂತಿಮವಲ್ಲ ಎಂದು ಉಪಲೋಕಾಯುಕ್ತ ಚಂದ್ರಶೇಖರಯ್ಯ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಹೇಳಿತು. ಇಂಥ ನೇಮಕಾತಿ ವ್ಯವಸ್ಥೆಯ ಫಲ ಕಣ್ಣೆದುರಿಗಿದೆ. ಹೆಗ್ಡೆಯವರ ನಂತರ ಬಂದ ಶಿವರಾಜ್ ಪಾಟೀಲ್ ನಿವೇಶನದ ವಿವಾದದಲ್ಲಿ ಕೆಲವೇ ವಾರಗಳಲ್ಲಿ ಹೊರನಡೆದರು. ಕುರ್ಚಿ 2013ರ ಫೆಬ್ರವರಿವರೆಗೆ ಖಾಲಿ ಉಳಿಯಿತು. ಆಗ ಬಂದ ಭಾಸ್ಕರ್ ರಾವ್, ಲೋಕಾಯುಕ್ತ ಕಚೇರಿಯಲ್ಲೇ ಹಣ ವಸೂಲಿ ನಡೆದ ಆರೋಪ ಎದ್ದು, 2015ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಮತ್ತೆ ವರ್ಷ ದಾಟಿದ ಖಾಲಿತನ. ಅದರ ನಡುವೆಯೇ, 2016ರ ಮಾರ್ಚ್‌ನಲ್ಲಿ, ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಹುಟ್ಟುಹಾಕಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ಹೈಕೋರ್ಟ್ ಅದನ್ನು ರದ್ದುಮಾಡಿದ್ದು 2022ರ ಆಗಸ್ಟ್‌ನಲ್ಲಿ. ಮೊದಲ ಖಾಲಿತನದಲ್ಲಿ ಬಿಜೆಪಿ, ಎರಡನೆಯದರಲ್ಲಿ ಕಾಂಗ್ರೆಸ್ ಆಳುತ್ತಿತ್ತು; ಹಾಗಾಗಿ ದೋಷವನ್ನು ಒಂದೇ ಪಕ್ಷದ ತಲೆಗೆ ಕಟ್ಟಲಾಗದು.

ಚುನಾಯಿತ ಸರ್ಕಾರಕ್ಕೆ ಮಾತೇ ಇರಬಾರದೇ, ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವುದು ಪ್ರಜಾಪ್ರಭುತ್ವವೇ ಎಂಬ ಆಕ್ಷೇಪ ಹಗುರವಾದುದಲ್ಲ. ಉತ್ತರಕ್ಕೆ ನ್ಯೂಯಾರ್ಕಿನಲ್ಲಿರುವ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವನ್ನು ನೋಡಿ. ಅಲ್ಲಿ ಹೆಸರು ಸೂಚಿಸುವವರು ಅಧ್ಯಕ್ಷರೇ. ಆದರೆ ಸೆನೆಟ್ ಒಪ್ಪಬೇಕು, ಒಂಬತ್ತು ನ್ಯಾಯಾಧೀಶರಲ್ಲಿ ಒಂದೇ ಪಕ್ಷದವರು ಐವರನ್ನು ಮೀರುವಂತಿಲ್ಲ, ಹುದ್ದೆ ಆಜೀವ. 2025ರ ಮೇ 28ರಂದು ಟ್ರಂಪ್ ಅವರ ಸುಂಕಗಳನ್ನು ಅಕ್ರಮವೆಂದ ಮೂವರ ಪೀಠದಲ್ಲಿದ್ದ ಟಿಮೊಥಿ ರೀಫ್ ಅವರನ್ನು ಆ ನ್ಯಾಯಾಲಯಕ್ಕೆ ನೇಮಿಸಿದ್ದು ಸ್ವತಃ ಟ್ರಂಪ್. ನೇಮಿಸಿದ ಕೈಗೆ ಆಮೇಲೆ ಹಿಡಿತ ಉಳಿಯದಿದ್ದರೆ ಸರ್ಕಾರದ ಪಾತ್ರದಿಂದ ಅಪಾಯವಿಲ್ಲ. ಸಜ್ಜನರು ಹೇಗಿದ್ದರೂ ಕೆಲಸ ಮಾಡುತ್ತಾರೆ ಎಂಬುದು ಇನ್ನೊಂದು ವಾದ. ಆದರೆ ಬೇಲೆಕೇರಿ ಬಂದರಿನ ಅಕ್ರಮ ಅದಿರನ್ನು ಹಿಡಿದ ಅಧಿಕಾರಿಯ ಮೇಲೆ ಸರ್ಕಾರ ಕ್ರಮ ಕೈಗೊಂಡಾಗ ಹೆಗ್ಡೆಯವರೇ 2010ರ ಜೂನ್‌ನಲ್ಲಿ ರಾಜೀನಾಮೆ ಬರೆದಿದ್ದರು, ಹಿಂಪಡೆದದ್ದು ಆಮೇಲಿನ ಮಾತು. ಸಜ್ಜನಿಕೆಯೊಂದನ್ನೇ ನಂಬಿದರೆ ಆಗುವುದು ಇಷ್ಟೇ.

ಹಾಗಾಗಿ ಕಾಯ್ದೆಗೆ ಮೂರು ತಿದ್ದುಪಡಿ ಬೇಕು. ಹುದ್ದೆ ತೆರವಾಗುವ ಮೊದಲೇ ಆಯ್ಕೆ ಮುಗಿಯಬೇಕು. ಪರಿಗಣಿಸಿದವರ ಆಸ್ತಿ, ನಿವೇಶನ, ಹಿಂದಿನ ತೀರ್ಪುಗಳ ವಿವರವೂ ಆಯ್ಕೆಯ ಕಾರಣವೂ ಪ್ರಕಟವಾಗಬೇಕು. ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯವನ್ನು ತಳ್ಳಿಹಾಕುವ ಮುಖ್ಯಮಂತ್ರಿ ಲಿಖಿತ ಕಾರಣವನ್ನು ಸದನದ ಮುಂದಿಡಬೇಕು. ಇದಕ್ಕೆ ಒಪ್ಪದ ಪಕ್ಷ ಯಾವುದೇ ಇರಲಿ, ಗಣಿ ಲೂಟಿಯ ವಿರುದ್ಧ ಮಾತನಾಡುವ ಹಕ್ಕು ಅದಕ್ಕಿಲ್ಲ.