ಲೆಕ್ಕ ಬರೆದಿಟ್ಟರೆ ಸಾಲದು, ತೋರಿಸಲೂ ಬೇಕು

ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಓಡಾಡುವವರಿಗೆ ಈ ನೋಟ ಹೊಸದಲ್ಲ. ಎಕ್ಸ್‌ರೇ ಚೀಲ ತೊಡೆಯ ಮೇಲಿಟ್ಟುಕೊಂಡ ಗಂಡ, ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದ ಹೆಂಡತಿ. ಕೇಳಿದರೆ, "ಕಿದ್ವಾಯಿಗೆ ಹೋಗ್ತಿದೀವಿ ಸ್ವಾಮಿ" ಅಂತಾರೆ. ನಮ್ಮ ಜಿಲ್ಲೆಯಿಂದ ಹೀಗೆ ಹೋಗುವವರು ವರ್ಷಕ್ಕೆಷ್ಟು ಮಂದಿ? ಯಾವ ತಾಲ್ಲೂಕಿನವರು ಹೆಚ್ಚು? ಪ್ರಶ್ನೆ ಸುಲಭ, ಉತ್ತರ ಕೈಗೆ ಸಿಗುವುದು ಕಷ್ಟ.

ಲೆಕ್ಕ ಇಡುವ ಏರ್ಪಾಡೇ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲೇ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿತು. ಮರುವರ್ಷದಿಂದ ಬೆಂಗಳೂರಿನ ಲೆಕ್ಕ ಕಿದ್ವಾಯಿ ಸಂಸ್ಥೆಯಲ್ಲಿ ದಾಖಲಾಗುತ್ತಾ ಬಂದಿದೆ. ಆದರೆ 2020ರ ಆಗಸ್ಟ್‌ನಲ್ಲಿ ಹೊರಬಂದ ರಾಷ್ಟ್ರೀಯ ವರದಿಯಲ್ಲಿದ್ದದ್ದು 2012ರಿಂದ 2016ರವರೆಗಿನ ಅಂಕಿ. ಅದರಲ್ಲಿ ಇಡೀ ಜನಸಂಖ್ಯೆಯ ಲೆಕ್ಕ ಹಿಡಿಯುವ 28 ನೋಂದಣಿಗಳ ಪೈಕಿ ಕರ್ನಾಟಕದ್ದು ಬೆಂಗಳೂರು ಒಂದೇ. ನಾಲ್ಕು ವರ್ಷದ ಹಳೇ ಖಾತೆ ನೋಡಿ ಇವತ್ತಿನ ಸರಕು ತರಿಸುವ ಅಂಗಡಿಯವರು ಉಂಟೇ?

ಲೆಕ್ಕ ಬಳಕೆಗೆ ಬಂದರೆ ಏನಾದೀತೆಂದು ನೋಡಲು ದೂರ ಹೋಗಬೇಕಿಲ್ಲ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಹಳ್ಳಿಗರ ಕ್ಯಾನ್ಸರ್ ನೋಂದಣಿ ಇದೆ. ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಯಿತು. ಯಾರಿಗೆ ರೋಗ ಬಂತು, ಯಾರು ತೀರಿಕೊಂಡರು ಎಂಬುದನ್ನು ನೋಂದಣಿಯ ನೆರವಿನಿಂದ ಪತ್ತೆ ಹಚ್ಚಿದರು. ಎಚ್‌ಪಿವಿ ಪರೀಕ್ಷೆ ಒಂದೇ ಸಲ ಮಾಡಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಅರ್ಧಕ್ಕಿಳಿದಿತ್ತೆಂದು 2009ರಲ್ಲಿ ಪ್ರಕಟವಾಯಿತು. ಲೆಕ್ಕವೇ ಸಿಗದಿದ್ದರೆ ಇದು ಗೊತ್ತಾಗುತ್ತಿತ್ತೇ?

ರೋಗಿಯ ಗುಟ್ಟು ಬಯಲಾದರೆ ಹೇಗೆ ಎಂಬ ಅಳುಕು ಸಹಜ, ನ್ಯಾಯವೂ ಹೌದು. ಸಣ್ಣ ಹಳ್ಳಿಯಲ್ಲಿ ವಯಸ್ಸು ಹೇಳಿದರೆ ಸಾಕು, ಆಸಾಮಿ ಯಾರೆಂದು ತಿಳಿದುಬಿಡುತ್ತೆ. ಆದ್ದರಿಂದ ಹೆಸರು, ಮನೆ ವಿಳಾಸ, ಹಳ್ಳಿ ತೆಗೆಯಲಿ. ತಾಲ್ಲೂಕು ಮಾತ್ರ ಉಳಿಯಲಿ. ಪಡೆದವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಿ. ಗುಟ್ಟು ಕಾಯುವ ನೆಪದಲ್ಲಿ ಲೆಕ್ಕಕ್ಕೇ ಬೀಗ ಜಡಿಯುವುದು ಬೇಡ.

ರಾಜ್ಯದ ಆರೋಗ್ಯ ಇಲಾಖೆಗೆ ನಮ್ಮ ಒತ್ತಾಯ ಎರಡೇ. ರೋಗಿಯ ಊರು, ವಯಸ್ಸು, ರೋಗ ಆಸ್ಪತ್ರೆಯ ದಾಖಲೆಯಲ್ಲಿ ಇದ್ದೇ ಇರುತ್ತೆ. ಅದನ್ನು ಒಟ್ಟು ಮಾಡಿ ಪ್ರತಿ ವರ್ಷ ತಾಲ್ಲೂಕುವಾರು ಅಂಕಿ ಪ್ರಕಟಿಸಲಿ. ಸಂಶೋಧಕರು ಅರ್ಜಿ ಕೊಟ್ಟರೆ, ಜಿಲ್ಲೆಯ ಕಾಲೇಜಿನವರೇ ಆಗಿರಲಿ, ಅರವತ್ತು ದಿನದೊಳಗೆ ಉತ್ತರ ಕೊಡಲಿ. ಕೊಡೋದಿಲ್ಲ ಅನ್ನುವುದಾದರೆ ಕಾರಣ ಬರೆದು ತಿಳಿಸಲಿ.

ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ? ಇವತ್ತು ರಾತ್ರಿಯೂ ಎಕ್ಸ್‌ರೇ ಚೀಲ ಹಿಡಿದವರು ಬಸ್ಸು ಹತ್ತುತ್ತಾರೆ. ಅವರ ಲೆಕ್ಕ ಮುಂದಿನವರಿಗಾದರೂ ದಾರಿ ತೋರಿಸಲಿ.