ಅಳೆದು ಪಡೆಯುವಾಗ ಒಂದು ಕೊಳಗ, ಅಳೆದು ಕೊಡುವಾಗ ಇನ್ನೊಂದು

ಪವಿತ್ರ ಕುರ್‌ಆನಿನ 83ನೇ ಅಧ್ಯಾಯದ ಹೆಸರು ‘ಅಲ್ ಮುತಫ್ಫಿಫೀನ್’. ಅಳತೆ ಮತ್ತು ತೂಕದಲ್ಲಿ ವಂಚಿಸುವವರು ಎಂದು ಅದರ ಅರ್ಥ. ಜನರಿಂದ ಪಡೆಯುವಾಗ ತುಂಬು ಅಳತೆಯನ್ನು ವಸೂಲು ಮಾಡಿ, ಜನರಿಗೆ ಕೊಡುವಾಗ ಕೊರತೆ ಮಾಡುವವರಿಗೆ ಕಾದಿರುವ ವಿನಾಶವನ್ನು ಸಾರುತ್ತಲೇ ಆ ಅಧ್ಯಾಯ ಆರಂಭವಾಗುತ್ತದೆ. ಮದ್ರಸದಲ್ಲಿ ಇದನ್ನು ಕಲಿಸುವಾಗ ನಾವು ಮಕ್ಕಳಿಗೆ ಸಂತೆಯ ವ್ಯಾಪಾರಿಯ ಮತ್ತು ಅವನ ತಕ್ಕಡಿಯ ಉದಾಹರಣೆ ಕೊಡುತ್ತೇವೆ. ಮಕ್ಕಳಿಗೆ ಅಷ್ಟು ಸಾಕು. ಆದರೆ ನಮ್ಮ ಪೂರ್ವಿಕ ವಿದ್ವಾಂಸರು ಸಂತೆಯಲ್ಲಿಯೇ ನಿಲ್ಲಲಿಲ್ಲ. ತುಂಬು ಅಳತೆ ಮತ್ತು ಕೊರತೆಯ ಅಳತೆ ಎಂಬುದು ಪ್ರತಿಯೊಂದು ವಿಷಯಕ್ಕೂ ಅನ್ವಯಿಸುತ್ತದೆ ಎಂಬ ಅಭಿಪ್ರಾಯವನ್ನು ಇಮಾಮ್ ಮಾಲಿಕ್(ರ) ತಮ್ಮ ‘ಮುವತ್ತಾ’ದಲ್ಲಿ ದಾಖಲಿಸಿದ್ದಾರೆ.

ಇಂದು ಜಗತ್ತಿನಲ್ಲಿ ಅತ್ಯಂತ ಮೋಸದ ಅಳತೆಗೆ ಗುರಿಯಾಗಿರುವ ವಸ್ತು ಯಾವುದೆಂದು ಕೇಳಿದರೆ, ಅದು ಧಾರ್ಮಿಕ ಸ್ವಾತಂತ್ರ್ಯವೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿಯು ಪ್ರತಿಯೊಬ್ಬ ಮನುಷ್ಯನಿಗೂ ತನ್ನ ಧರ್ಮವನ್ನು ನಂಬುವ, ಏಕಾಂತದಲ್ಲಿಯೂ ಬಹಿರಂಗದಲ್ಲಿಯೂ ಅದನ್ನು ಆಚರಿಸುವ ಹಕ್ಕನ್ನು ಮಾನ್ಯ ಮಾಡಿತು. ಆ ವಿಧಿಯನ್ನು ತನಗಾಗಿ ಉಲ್ಲೇಖಿಸದ ಸರ್ಕಾರವಿಲ್ಲ, ಸಮುದಾಯವಿಲ್ಲ. ಅದನ್ನು ಇತರರಿಗಾಗಿ ಉಲ್ಲೇಖಿಸುವವರು ಎಷ್ಟು ಮಂದಿ? ಈ ವಂಚಕರ ಸಾಲಿನಲ್ಲಿ ನಮ್ಮ ವಿರೋಧಿಗಳಷ್ಟೇ ನಿಂತಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಅಲ್ಲಿ ನಮ್ಮವರೂ ನಿಂತಿದ್ದಾರೆ. ಆ ಮಾತನ್ನು ನಮ್ಮ ಮನೆಗಳಲ್ಲಿಯೇ ಆಡಬೇಕಾದ ಕಾಲ ಬಂದಿದೆ.

ಮೊದಲು ಫ್ರಾನ್ಸನ್ನು ನೋಡೋಣ. 1905ರಲ್ಲಿ ಚರ್ಚು ಮತ್ತು ಪ್ರಭುತ್ವವನ್ನು ಪ್ರತ್ಯೇಕಿಸಿದ ಕಾನೂನು, ಪ್ರಜೆಗಳ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕಾಪಾಡುವ ಹೊಣೆಯನ್ನು ಗಣರಾಜ್ಯದ ಮೇಲೆಯೇ ಹೊರಿಸಿತ್ತು. ಸುಮಾರು ನೂರು ವರ್ಷಗಳ ನಂತರ, 2004ರ ಮಾರ್ಚ್ 15ರಂದು ಬಂದ ಕಾನೂನು ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿತು. ಬಲೆ ಬೀಸಿದ್ದು ಮುಸ್ಲಿಮ್ ಬಾಲಕಿಯರ ಶಿರವಸ್ತ್ರಕ್ಕೆ. ಅದರಲ್ಲಿ ಸಿಖ್ ಬಾಲಕರ ಪೇಟವೂ ಸಿಕ್ಕಿಬಿತ್ತು. 2010ರಲ್ಲಿ ಮುಖ ಮುಚ್ಚುವ ಉಡುಪನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸಿ, ತಪ್ಪಿದರೆ 150 ಯೂರೋ ವರೆಗೆ ದಂಡ ವಿಧಿಸುವ ಇನ್ನೊಂದು ಕಾನೂನು ಬಂದಿತು. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ‘ಒಟ್ಟಾಗಿ ಬದುಕುವುದು’ ಎಂಬ ಕಾರಣವನ್ನು ಒಪ್ಪಿ ಈ ನಿಷೇಧವನ್ನು ಎತ್ತಿಹಿಡಿಯಿತು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಅದೇ ನಿಷೇಧ ಇಬ್ಬರು ಮಹಿಳೆಯರ ಹಕ್ಕುಗಳನ್ನು ಉಲ್ಲಂಘಿಸಿದೆ ಎಂದು ತೀರ್ಮಾನಿಸಿತು. 2020ರಲ್ಲಿ ಕೊರೋನಾ ಬಂದಾಗ ಪ್ಯಾರಿಸ್ಸಿನ ಮೆಟ್ರೋದಲ್ಲಿ ಮಾಸ್ಕ್ ಧರಿಸುವುದು ಕಡ್ಡಾಯವಾಯಿತು. ಮುಖ ಮುಚ್ಚಿದರೆ ಒಟ್ಟಾಗಿ ಬದುಕುವುದು ಅಸಾಧ್ಯವೆಂಬ ವಾದ ಆಗ ಎಲ್ಲಿ ಹೋಯಿತು? 2023ರಲ್ಲಿ ಶಾಲೆಗಳಿಂದ ಅಬಾಯ ಎಂಬ ಉದ್ದನೆಯ ನಿಲುವಂಗಿಯನ್ನೂ ಹೊರಗಿಡಲಾಯಿತು.

ನೆರೆಯ ಸ್ವಿಟ್ಸರ್ಲೆಂಡಿನಲ್ಲಿ 2009ರ ನವೆಂಬರ್ 29ರಂದು ನಡೆದ ಜನಮತಗಣನೆಯಲ್ಲಿ ಶೇ. 57.5ರಷ್ಟು ಮತದಾರರು ಹೊಸ ಮಿನಾರ್‌ಗಳ ನಿರ್ಮಾಣವನ್ನು ಸಂವಿಧಾನದ ಮೂಲಕವೇ ನಿಷೇಧಿಸಿದರು. ಆ ದಿನ ಇಡೀ ದೇಶದಲ್ಲಿದ್ದ ಮಿನಾರ್‌ಗಳ ಸಂಖ್ಯೆ ನಾಲ್ಕು.

ಇವೆಲ್ಲವನ್ನೂ ನಮ್ಮ ಓದುಗರು ಬಲ್ಲರು. ನಮ್ಮ ವೇದಿಕೆಗಳಲ್ಲಿ ಇವುಗಳನ್ನು ಖಂಡಿಸಲಾಗಿದೆ, ಖಂಡಿಸಬೇಕಾದುದು ನ್ಯಾಯವೂ ಹೌದು. ಈಗ ನಾವು ಅಷ್ಟಾಗಿ ಚರ್ಚಿಸದ ಇನ್ನೊಂದು ದಿನದತ್ತ ಹೋಗೋಣ.

2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯು ಚೀನಾದ ಶಿನ್‌ಜಿಯಾಂಗ್ ಪ್ರದೇಶದ ಕುರಿತು ವರದಿಯೊಂದನ್ನು ಪ್ರಕಟಿಸಿತು. ಉಯ್ಘುರ್ ಮತ್ತಿತರ ಮುಸ್ಲಿಮರನ್ನು ಬಂಧನದಲ್ಲಿಟ್ಟು ನಡೆಸಿಕೊಂಡ ರೀತಿಯು ಮಾನವತೆಯ ವಿರುದ್ಧದ ಅಪರಾಧವೆನಿಸಬಹುದು ಎಂದು ಅದು ಹೇಳಿತು. ಅಕ್ಟೋಬರ್ 6ರಂದು ಜಿನೀವಾದಲ್ಲಿ ಮಾನವ ಹಕ್ಕುಗಳ ಮಂಡಳಿಯ ಮುಂದೆ ಒಂದು ಪ್ರಸ್ತಾವ ಬಂದಿತು. ಚೀನಾವನ್ನು ಶಿಕ್ಷಿಸಿರೆಂದು ಅದು ಕೇಳಲಿಲ್ಲ. ಆ ವರದಿಯನ್ನು ಚರ್ಚಿಸೋಣ ಎಂದಷ್ಟೇ ಕೇಳಿತು. ಪರವಾಗಿ 17 ಮತಗಳು, ವಿರುದ್ಧವಾಗಿ 19 ಮತಗಳು, 11 ದೇಶಗಳು ತಟಸ್ಥ. ಪ್ರಸ್ತಾವ ಬಿದ್ದುಹೋಯಿತು.

ಚರ್ಚೆಯೇ ಬೇಡವೆಂದವರು ಯಾರು? ಪಾಕಿಸ್ತಾನ, ಇಂಡೋನೇಷ್ಯಾ, ಖತರ್, ಸಂಯುಕ್ತ ಅರಬ್ ಸಂಸ್ಥಾನ, ಸೂಡಾನ್, ಸೆನೆಗಲ್, ಮಾರಿಟಾನಿಯಾ, ಕಝಾಕಿಸ್ತಾನ್, ಉಜ್ಬೇಕಿಸ್ತಾನ್! ಮಲೇಷ್ಯಾ ತಟಸ್ಥವಾಯಿತು. ಮುಸ್ಲಿಮ್ ದೇಶಗಳ ಪೈಕಿ ಚರ್ಚೆಯ ಪರವಾಗಿ ಕೈ ಎತ್ತಿದ್ದು ಬಡ ಸೊಮಾಲಿಯಾ. ಪರವಾಗಿ ಮತ ಹಾಕಿದವರಲ್ಲಿ ಫ್ರಾನ್ಸ್ ಕೂಡ ಇತ್ತು. ತನ್ನ ನೆಲದ ಮುಸ್ಲಿಮ್ ಬಾಲಕಿಗೆ ಕೊಡದ ಸ್ವಾತಂತ್ರ್ಯವನ್ನು ಫ್ರಾನ್ಸ್ ಚೀನಾದ ಮುಸ್ಲಿಮರಿಗಾಗಿ ಕೇಳಿತು. ಫ್ರಾನ್ಸಿನ ಬಾಲಕಿಗಾಗಿ ಗುಡುಗುವ ದೊರೆಗಳು ಚೀನಾದ ಮುಸ್ಲಿಮರ ಹೆಸರು ಬಂದೊಡನೆ ವ್ಯಾಪಾರದ ಲೆಕ್ಕಪುಸ್ತಕ ತೆರೆದು ಕುಳಿತರು. ಇವೆರಡೂ ಒಂದೇ ಸಂತೆಯ ತಕ್ಕಡಿಗಳಲ್ಲವೇ?

ದೊರೆಗಳ ಪಾಪ ದೊರೆಗಳಿಗಿರಲಿ ಎಂದು ಕೈತೊಳೆದುಕೊಳ್ಳುವ ಮುನ್ನ ಜನಸಾಮಾನ್ಯರ ಕಡೆಗೂ ನೋಡೋಣ. ಪಾಕಿಸ್ತಾನದ ಪಂಜಾಬಿನಲ್ಲಿ ಆಸಿಯಾ ಬೀಬಿ ಎಂಬ ಬಡ ಕ್ರೈಸ್ತ ಕೂಲಿಕಾರ್ತಿ ಇದ್ದಳು. 2009ರಲ್ಲಿ ಹೊಲದಲ್ಲಿ ಕುಡಿಯುವ ನೀರಿನ ವಿಷಯವಾಗಿ ಜೊತೆಗಾರ್ತಿಯರೊಡನೆ ಜಗಳವಾಯಿತು. ಆಕೆ ಪ್ರವಾದಿವರ್ಯರನ್ನು(ಸ) ನಿಂದಿಸಿದಳೆಂಬ ಆರೋಪ ಬಂದಿತು. 2010ರಲ್ಲಿ ಮರಣದಂಡನೆ ವಿಧಿಸಲಾಯಿತು. ಆಕೆಯ ಪರವಾಗಿ ಮಾತನಾಡಿದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್ 2011ರ ಜನವರಿಯಲ್ಲಿ ತಮ್ಮ ಅಂಗರಕ್ಷಕನ ಗುಂಡಿಗೇ ಬಲಿಯಾದರು. ಎರಡು ತಿಂಗಳೊಳಗೆ ಅಲ್ಪಸಂಖ್ಯಾತರ ಸಚಿವ ಶಹಬಾಝ್ ಭಟ್ಟಿಯವರ ಹತ್ಯೆಯಾಯಿತು. 2018ರ ಅಕ್ಟೋಬರ್ 31ರಂದು ಸುಪ್ರೀಮ್ ಕೋರ್ಟು ಸಾಕ್ಷಿಗಳ ಹೇಳಿಕೆಗಳಲ್ಲಿನ ವಿರೋಧಾಭಾಸಗಳನ್ನು ಎತ್ತಿ ತೋರಿಸಿ ಆಕೆಯನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಮುಸ್ಲಿಮೇತರ ಅಲ್ಪಸಂಖ್ಯಾತರನ್ನು ಪೀಡಿಸಿದವನ ವಿರುದ್ಧ ಪುನರುತ್ಥಾನ ದಿನದಂದು ತಾವೇ ವಾದಿಯಾಗಿ ನಿಲ್ಲುವುದಾಗಿ ಪ್ರವಾದಿವರ್ಯರು(ಸ) ನೀಡಿದ ಎಚ್ಚರಿಕೆಯನ್ನು ನ್ಯಾಯಮೂರ್ತಿ ಆಸಿಫ್ ಸಯೀದ್ ಖೋಸಾ ತಮ್ಮ ಅಭಿಪ್ರಾಯದಲ್ಲಿ ನೆನಪಿಸಿದರು. ಆ ತೀರ್ಪಿನ ವಿರುದ್ಧ ಸಾವಿರಾರು ಜನರು ಬೀದಿಗಿಳಿದರು, ಅದೂ ಪ್ರವಾದಿಪ್ರೇಮದ ಹೆಸರಿನಲ್ಲಿ!

ಇವರು ಅನ್ನಿಸಾ ಅಧ್ಯಾಯದ 105ರಿಂದ ಮುಂದಿನ ಸೂಕ್ತಗಳನ್ನು ಓದಿಲ್ಲವೇ? ಅವುಗಳ ಹಿನ್ನೆಲೆಯನ್ನು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮದೀನಾದಲ್ಲಿ ಒಂದು ಯುದ್ಧಕವಚ ಕಳವಾಯಿತು. ಕದ್ದವನು ತನ್ನನ್ನು ಮುಸ್ಲಿಮನೆಂದು ಕರೆದುಕೊಳ್ಳುತ್ತಿದ್ದವನು; ಆರೋಪ ಹೊರಿಸಿದ್ದು ಓರ್ವ ಯಹೂದಿಯ ಮೇಲೆ. ಕಳ್ಳನ ಕುಲದವರು ಒಟ್ಟಾಗಿ ಬಂದು ತಮ್ಮವನ ಪರವಾಗಿ ವಾದಿಸಿದರು. ಆಗ ದಿವ್ಯವಾಣಿ ಅವತೀರ್ಣವಾದದ್ದು ಆ ಯಹೂದಿಯನ್ನು ನಿರ್ದೋಷಿಯೆಂದು ಘೋಷಿಸುವುದಕ್ಕಾಗಿ, ವಂಚಕರ ಪರ ವಾದಿಸಬಾರದೆಂದು ಎಚ್ಚರಿಸುವುದಕ್ಕಾಗಿ. ಮದೀನಾದ ಯಹೂದಿಗಳೊಂದಿಗೆ ಮುಸ್ಲಿಮರ ಸಂಬಂಧ ಬಿಗಡಾಯಿಸುತ್ತಿದ್ದ ಆ ಕಾಲದಲ್ಲಿಯೂ ಅಲ್ಲಾಹನು ನ್ಯಾಯದ ತಕ್ಕಡಿಯನ್ನು ಓರೆಯಾಗಲು ಬಿಡಲಿಲ್ಲ.

ಇನ್ನೊಂದು ಕಠಿಣವಾದ ಮಾತನ್ನೂ ಆಡಲೇಬೇಕು. ಅಹ್ಮದಿಯರ ಸಿದ್ಧಾಂತವನ್ನು ನಾವು ಒಪ್ಪುವುದಿಲ್ಲ. ಪ್ರವಾದಿತ್ವದ ಸಮಾಪ್ತಿಯು ನಮ್ಮ ವಿಶ್ವಾಸದ ಅವಿಭಾಜ್ಯ ಅಂಗ, ಅದರಲ್ಲಿ ರಾಜಿಯಿಲ್ಲ. ಆದರೆ 1984ರಿಂದ ಪಾಕಿಸ್ತಾನದ ಕಾನೂನು ಅವರು ತಮ್ಮ ಆರಾಧನಾಲಯವನ್ನು ಮಸೀದಿಯೆಂದು ಕರೆದರೆ, ಪ್ರಾರ್ಥನೆಯ ಕರೆಯನ್ನು ಅಝಾನ್ ಎಂದರೆ, ಮೂರು ವರ್ಷಗಳ ವರೆಗೆ ಸೆರೆವಾಸ ವಿಧಿಸುತ್ತದೆ. ಅವರ ಆರಾಧನಾಲಯಗಳ ಮಿನಾರ್‌ಗಳನ್ನು ಕೆಡವಿದ ಘಟನೆಗಳೂ ನಡೆದಿವೆ. ಸಿದ್ಧಾಂತದ ತಪ್ಪಿಗೆ ಉತ್ತರ ವಿದ್ವಾಂಸನ ಗ್ರಂಥದಲ್ಲಿರಬೇಕೇ, ಪೊಲೀಸನ ಸುತ್ತಿಗೆಯಲ್ಲಿರಬೇಕೇ? ಸ್ವಿಟ್ಸರ್ಲೆಂಡಿನ ಮತದಾರರು ಮಿನಾರನ್ನು ನಿಷೇಧಿಸಿದಾಗ ಅದನ್ನು ಅನ್ಯಾಯವೆಂದ ನಾಲಗೆ ಇಲ್ಲಿ ಏಕೆ ತೊದಲುತ್ತದೆ?

ನಮ್ಮೊಳಗಿನಿಂದ ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಸತ್ಯ ಒಂದೇ ಆಗಿರುವಾಗ ಮಿಥ್ಯಕ್ಕೆ ಸ್ವಾತಂತ್ರ್ಯ ಏಕೆ ಎಂಬುದು ಮೊದಲನೆಯದು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು ಅಲ್‌ಬಖರ ಅಧ್ಯಾಯ ಕಲಿಸುವುದು ಸತ್ಯ ಮತ್ತು ಮಿಥ್ಯ ಒಂದೇ ಎಂಬ ಕಾರಣದಿಂದಲ್ಲ; ಸತ್ಯವು ಮಿಥ್ಯದಿಂದ ಸ್ಪಷ್ಟವಾಗಿ ಬೇರ್ಪಟ್ಟಿದೆ ಎಂಬ ಕಾರಣದಿಂದ. ಅಲ್ಲಾಹನು ಇಚ್ಛಿಸಿದ್ದರೆ ಭೂಮಿಯ ಮೇಲಿನ ಎಲ್ಲರೂ ವಿಶ್ವಾಸಿಗಳಾಗುತ್ತಿದ್ದರು ಎಂದು ತಿಳಿಸಿದ ಯೂನುಸ್ ಅಧ್ಯಾಯವು, ಹಾಗಿರುವಾಗ ಜನರನ್ನು ಬಲವಂತಪಡಿಸಲು ನೀವು ಯಾರು ಎಂಬ ಅರ್ಥದಲ್ಲಿ ಪ್ರವಾದಿವರ್ಯರನ್ನೇ(ಸ) ಪ್ರಶ್ನಿಸುತ್ತದೆ. ಅವರಿಗೇ ಇಲ್ಲದ ಅಧಿಕಾರ ನಮಗೆ ಎಲ್ಲಿಂದ ಬಂತು?

ನಾವೇ ಎಲ್ಲೆಡೆ ಪೆಟ್ಟು ತಿನ್ನುತ್ತಿರುವಾಗ ನಮ್ಮವರ ತಪ್ಪನ್ನು ಎತ್ತಿ ಆಡುವುದು ಶತ್ರುವಿಗೆ ಅಸ್ತ್ರ ಕೊಟ್ಟಂತಾಗುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಈ ನೋವು ನಮಗೆ ಅರ್ಥವಾಗುತ್ತದೆ. ಆದರೆ ಸ್ವಂತ ತಂದೆತಾಯಿ ಮತ್ತು ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂದು ಆದೇಶಿಸಿದ ಕುರ್‌ಆನ್, ಸಂಕಟದ ಕಾಲಕ್ಕೆ ವಿನಾಯಿತಿ ಕೊಟ್ಟಿಲ್ಲ. ಶತ್ರುವಿನ ಕೈಗೆ ಅಸ್ತ್ರ ಸಿಗುವುದು ನಾವು ತಪ್ಪನ್ನು ಒಪ್ಪಿಕೊಂಡಾಗಲ್ಲ, ಅದನ್ನು ಸಮರ್ಥಿಸಿದಾಗ.

ಇಷ್ಟಾಗಿಯೂ ಪರರ ಸ್ವಾತಂತ್ರ್ಯದಿಂದ ನಮಗೇನು ಲಾಭ ಎಂದು ಕೇಳುವವರಿಗೆ ನಮ್ಮ ನೆಲದ ಒಂದು ಇತಿಹಾಸವನ್ನು ನೆನಪಿಸುತ್ತೇವೆ. 1985ರಲ್ಲಿ ಕೇರಳದಲ್ಲಿ ‘ಯೆಹೋವನ ಸಾಕ್ಷಿಗಳು’ ಎಂಬ ಅತಿ ಚಿಕ್ಕ ಕ್ರೈಸ್ತ ಪಂಗಡದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ಅವರು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ವಿಶ್ವಾಸದ ಕಾರಣದಿಂದ ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಮ್ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಆ ಮಕ್ಕಳ ಹಕ್ಕನ್ನು ಎತ್ತಿಹಿಡಿಯಿತು. ಅಂದು ನಮ್ಮಲ್ಲಿ ಎಷ್ಟು ಮಂದಿ ಆ ಮಕ್ಕಳ ಬಗ್ಗೆ ಯೋಚಿಸಿದ್ದೆವು?

ಮೂವತ್ತಾರು ವರ್ಷಗಳ ನಂತರ ಕರ್ನಾಟಕದ ನಮ್ಮ ಹೆಣ್ಣುಮಕ್ಕಳು ಶಿರವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತರು. 2022ರ ಮಾರ್ಚ್ 15ರಂದು ಹೈಕೋರ್ಟು ಅವರ ಅರ್ಜಿಗಳನ್ನು ತಿರಸ್ಕರಿಸಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನಮ್ಮ ಮಕ್ಕಳ ಪರವಾಗಿ ಬರೆದ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಆಧರಿಸಿದ್ದು ಯಾವ ತೀರ್ಪನ್ನು? ಆ ಮೂವರು ಕ್ರೈಸ್ತ ಮಕ್ಕಳ ತೀರ್ಪನ್ನು! ಅವರು ಗೆದ್ದುಕೊಂಡಿದ್ದ ಹಕ್ಕು ನಮ್ಮ ಮಕ್ಕಳಿಗೆ ಊರುಗೋಲಾಯಿತು. ಅಮೆರಿಕದಲ್ಲಿಯೂ ಹೀಗೆಯೇ ಆಯಿತು. ಅರ್ಧ ಇಂಚು ಗಡ್ಡ ಬಿಡಲು ಅನುಮತಿ ಕೇಳಿದ ಮುಸ್ಲಿಮ್ ಕೈದಿಗೆ 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ನ್ಯಾಯ ನೀಡಿದಾಗ, ಕೆಲವೇ ತಿಂಗಳ ಹಿಂದೆ ಕ್ರೈಸ್ತ ಉದ್ಯಮಿಗಳು ಗೆದ್ದಿದ್ದ ಮೊಕದ್ದಮೆಯನ್ನು ಆಧಾರವಾಗಿ ಉಲ್ಲೇಖಿಸಿತು.

ಹ. ಉಮರ್(ರ) ಜೆರುಸಲೇಮ್ ಪ್ರವೇಶಿಸಿದ ಸಂದರ್ಭವನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ನಮಾಝಿನ ವೇಳೆಯಾದಾಗ ಚರ್ಚಿನೊಳಗೇ ಪ್ರಾರ್ಥಿಸುವಂತೆ ಕ್ರೈಸ್ತ ಧರ್ಮಗುರು ಆಹ್ವಾನಿಸಿದರು. ಖಲೀಫರು ಹೊರಗೆ ಬಂದು ನಮಾಝ್ ಮಾಡಿದರು. ತಾವು ಒಳಗೆ ಪ್ರಾರ್ಥಿಸಿದರೆ ಮುಂದೆ ಮುಸ್ಲಿಮರು ಅದನ್ನೇ ನೆಪವಾಗಿಸಿ ಆ ಚರ್ಚನ್ನು ವಶಪಡಿಸಿಕೊಂಡಾರೆಂಬ ಶಂಕೆ ಅವರಿಗಿತ್ತು. ತಮ್ಮದೇ ಅನುಯಾಯಿಗಳು ನಾಳೆ ಮಾಡಬಹುದಾದ ಅನ್ಯಾಯವನ್ನು ಇಂದೇ ತಡೆದ ಆ ಎಚ್ಚರದ ಸ್ವಲ್ಪ ಪಾಲಾದರೂ ನಮ್ಮಲ್ಲಿ ಉಳಿಯಬೇಡವೇ?

ನಮ್ಮ ಕೋರಿಕೆ ದೊಡ್ಡದೇನಲ್ಲ. ಜುಮಾದ ದುಆದಲ್ಲಿ ಉಯ್ಘುರರನ್ನೂ ರೋಹಿಂಗ್ಯರನ್ನೂ ನೆನೆಯುವಾಗ, ತನ್ನ ವಿಶ್ವಾಸದ ಕಾರಣಕ್ಕೆ ಸೆರೆಯಲ್ಲಿರುವ ಪ್ರತಿಯೊಬ್ಬ ಮನುಷ್ಯನನ್ನೂ ನೆನೆಯೋಣ. ಪಕ್ಕದ ಊರಿನ ಚರ್ಚಿನ ಪ್ರಾರ್ಥನೆಗೆ ಯಾರಾದರೂ ಅಡ್ಡಿ ಮಾಡಿದರೆ, ಮರುದಿನ ಮಸೀದಿ ಸಮಿತಿಯ ಇಬ್ಬರು ಹಿರಿಯರು ಅಲ್ಲಿಗೆ ಹೋಗಿ ಬರಲಿ. ಮುಸ್ಲಿಮ್ ದೇಶವೊಂದರಿಂದ ಅನ್ಯಾಯದ ಸುದ್ದಿ ಬಂದಾಗ, ಊಟದ ಹೊತ್ತಿನಲ್ಲಿ ನಮ್ಮ ಮಕ್ಕಳು ಅದನ್ನು ಅನ್ಯಾಯವೆಂಬ ಹೆಸರಿನಲ್ಲಿಯೇ ನಮ್ಮ ಬಾಯಿಂದ ಕೇಳಲಿ. ಆಗ ನಾವು ಫ್ರಾನ್ಸಿಗೂ ಚೀನಾಕ್ಕೂ ನಮ್ಮದೇ ಸರ್ಕಾರಕ್ಕೂ ಹೇಳುವ ಮಾತಿಗೆ ತೂಕವಿರುತ್ತದೆ.

ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ನಮ್ಮ ಕರ್ಮಗಳನ್ನೂ ತೂಗಲಾಗುವುದು. ಆ ದಿನ ತುಂಬು ಅಳತೆಯನ್ನು ಬಯಸುವ ನಮಗೆ, ಇಂದು ಇತರರಿಗೆ ತುಂಬು ಅಳತೆಯನ್ನು ಕೊಡುವ ಮನಸ್ಸನ್ನು ಅವನು ಕರುಣಿಸಲಿ. ಆಮೀನ್.