ಹೆಚ್ಚಿನ ಅಕ್ಕಿ



ಈ ಬಾರಿ ನಮ್ಮದೇ ಒಂದು ತಪ್ಪಿನಿಂದ ಮಾತು ಆರಂಭಿಸಬೇಕಾಗಿದೆ. ಯಲಹಂಕದಲ್ಲಿ ನಡೆದ ಬಸವ ಜಯಂತಿಯ ವರದಿಯಲ್ಲಿ ‘ಸಾವಿರಾರು ಭಕ್ತರು ಪಾಲ್ಗೊಂಡು ಧನ್ಯರಾದರು’ ಎಂದು ಬರೆದಿದ್ದೆವು. ಸಂಚಿಕೆ ಕೈಸೇರಿದ ವಾರದಲ್ಲಿ, ಅಂದು ದಾಸೋಹದ ಹೊಣೆ ಹೊತ್ತಿದ್ದ ಹಿರಿಯ ಶರಣೆಯೊಬ್ಬರು ಮಠದ ಅಂಗಳದಲ್ಲಿ ಸಿಕ್ಕು ನಗುತ್ತಲೇ ಕೇಳಿದರು: “ಅಲ್ಲಪ್ಪಾ, ನಾನು ಅಕ್ಕಿ ಅಳೆದು ಹಾಕಿದ್ದು ಮುನ್ನೂರು ಜನಕ್ಕೆ. ಅದರಲ್ಲೂ ಅನ್ನ ಉಳೀತು. ನಿಮ್ಮ ಸಾವಿರಾರು ಜನ ಎಲ್ಲಿ ಊಟ ಮಾಡಿದ್ರು?”

ನಮ್ಮಲ್ಲಿ ಉತ್ತರವಿರಲಿಲ್ಲ. ಬಿಸಿಲಿನಲ್ಲಿ ಹೆಬ್ಬಾಳ, ಯಶವಂತಪುರಗಳಿಂದ ಬಸ್ಸು ಬದಲಿಸಿ ಬಂದು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ಮುನ್ನೂರು ಜನ ಸಾಲದೆ ಹೋದರೇ? ಅವರನ್ನು ಸಾವಿರಾರು ಮಾಡುವ ಆಸೆಯಲ್ಲಿ, ಬಂದವರನ್ನೇ ನಾವು ಕಡೆಗಣಿಸಿದಂತಾಯಿತು.

ಈ ಚಾಳಿ ನಮ್ಮೊಬ್ಬರದಲ್ಲ. ಜಯಂತಿಯ ದಿನಗಳಲ್ಲಿ ಆರ್.ಟಿ. ನಗರದ ಯಾವುದೇ ವೃತ್ತದಲ್ಲಿ ನಿಂತು ನೋಡಿ. ಫ್ಲೆಕ್ಸಿನ ಮೂಲೆಯಲ್ಲಿ ಅಂಗೈಯಷ್ಟು ಬಸವಣ್ಣ, ನಡುವೆ ಆಳೆತ್ತರದ ಶುಭಕೋರುವವರು. ಹೆಸರಿನ ಹಿಂದೆ ‘ಸಮಾಜರತ್ನ’, ಮುಂದೆ ‘ಬಸವತತ್ವ ಪ್ರಚಾರ ಧುರೀಣ’. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಅಂದಿನ ಪಾಲಿಕೆ ನಗರದ ಫ್ಲೆಕ್ಸ್‌ಗಳನ್ನು ತೆರವು ಮಾಡಿತು. ಕಂಬದ ಮೇಲಿನದು ಇಳಿಯಿತು. ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನು ಯಾವ ನ್ಯಾಯಾಲಯ ಇಳಿಸೀತು?

ಬಸವಣ್ಣನವರು ಹೇಳಿದ ಏಳು ಶೀಲಗಳಲ್ಲಿ ಆತ್ಮಸ್ತುತಿ ಮಾಡಬಾರದೆಂಬುದೂ ಒಂದು. ಅದನ್ನು ಅವರು ಇಟ್ಟಿರುವುದು ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲಿ. ಅದರ ಪಕ್ಕದಲ್ಲೇ ಪರನಿಂದೆ ಇದೆ. ತನ್ನನ್ನು ಹಿಗ್ಗಿಸಿಕೊಳ್ಳುವವನು ಕೊನೆಗೆ ಇನ್ನೊಬ್ಬನನ್ನು ಕುಗ್ಗಿಸಲೇಬೇಕಾಗುತ್ತದೆ. ವೇದಿಕೆಯಲ್ಲಿ ಒಬ್ಬರ ಬಿರುದುಗಳನ್ನು ಓದುವುದು ಮುಗಿಯುವಷ್ಟರಲ್ಲಿ, ಸದ್ದಿಲ್ಲದೆ ಹತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತಿರುವ ಹೆಣ್ಣುಮಗಳು ಹಿಂದಿನ ಸಾಲಿಗೆ ಸರಿದು ಕುಳಿತಿರುತ್ತಾಳೆ.

ವ್ಯಕ್ತಿಗೆ ಅಂಟಿದ ಈ ರೋಗ ಸಮಾಜಕ್ಕೂ ಅಂಟುತ್ತದೆ. ಅನುಭವ ಮಂಟಪವನ್ನು ‘ಜಗತ್ತಿನ ಮೊಟ್ಟಮೊದಲ ಸಂಸತ್ತು’ ಎಂದು ನಾವು ಸಾರುತ್ತೇವೆ. ಆದರೆ ಐಸ್‌ಲ್ಯಾಂಡಿನ ಆಲ್ಥಿಂಗ್ ಸಭೆ 930ರಲ್ಲೇ ಸೇರಿತ್ತು ಎಂಬುದು ಇಂದು ಹೈಸ್ಕೂಲು ಹುಡುಗನ ಮೊಬೈಲಿಗೂ ಗೊತ್ತು. ಒಂದು ಮಾತು ಹುಸಿಯೆಂದು ಕಂಡ ಹುಡುಗ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಕೇಳುತ್ತಾನೆ. ನಷ್ಟ ಯಾರಿಗೆ? ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭುಗಳ ಮುಂದೆ ಅಂಬಿಗರ ಚೌಡಯ್ಯನವರು, ಮಡಿವಾಳ ಮಾಚಯ್ಯನವರು, ಅಕ್ಕಮಹಾದೇವಿಯವರು ನಿರ್ಭಯವಾಗಿ ಮಾತನಾಡಿದರೆಂಬ ನಮ್ಮ ಪರಂಪರೆಯೇ ಸಾಕಷ್ಟು ದೊಡ್ಡದು. ಅದಕ್ಕೆ ‘ಮೊಟ್ಟಮೊದಲ’ ಎಂಬ ಊರುಗೋಲು ಬೇಡ.

ದುಡಿದವರು ಹೇಗಿದ್ದರು? ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಅರಸುತ್ತಾ ಮನೆಮನೆ ತಿರುಗಿದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ನಮ್ಮ ಕೈಗಿಟ್ಟರು. ‘ವಚನ ಪಿತಾಮಹ’ ಎಂದು ಕರೆದದ್ದು ನಾಡು. ಬಹುಪಾಲು ಶರಣರಂತೂ ತಮ್ಮ ವಚನಗಳಿಗೆ ಹಾಕಿದ್ದು ತಮ್ಮ ಹೆಸರನ್ನಲ್ಲ, ಇಷ್ಟದೈವದ ಅಂಕಿತವನ್ನು. ಜನರ ನಾಲಗೆಯ ಮೇಲೆ ಅವರಲ್ಲಿ ಅನೇಕರ ಹೆಸರಿಗೆ ಅಂಟಿ ಉಳಿದದ್ದು ಬಿರುದಲ್ಲ, ಕಾಯಕ.

ಹಾಗೆಂದು ಮಾಡಿದ್ದನ್ನು ಮುಚ್ಚಿಡಬೇಕೆಂದಲ್ಲ. ‘ನಾನೇನೂ ಮಾಡಿಲ್ಲ’ ಎಂದು ಹೇಳಿ ಹೊಗಳಿಕೆಗೆ ಕಾಯುವುದೂ ಅದೇ ರೋಗದ ಇನ್ನೊಂದು ಮುಖ. ಇದ್ದದ್ದನ್ನು ಇದ್ದಷ್ಟೇ ಹೇಳುವುದು ವಿನಯ.

ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಲೆಯ ಮೇಲಿಡಲಿಲ್ಲ, ಹೆಚ್ಚಿನದನ್ನು ಮರಳಿ ಸುರಿದು ಬನ್ನಿ ಎಂದರು. ಬಡವರ ಮನೆಗೆ ಬಂದ ಹಿಡಿ ಅಕ್ಕಿಯೂ ಹೊರೆಯೆಂದು ಆ ತಾಯಿಗೆ ತಿಳಿದಿತ್ತು. ನಮ್ಮ ಬಗ್ಗೆ ನಾವು ಆಡುವ ಹೆಚ್ಚಿನ ಮಾತೂ ಅಂಥದೇ ಅಕ್ಕಿ. ಅದು ನಮ್ಮ ಕಾಯಕದ್ದಲ್ಲ.

ಆದ್ದರಿಂದ ಈ ಸಂಚಿಕೆಯಿಂದ ನಮ್ಮ ವರದಿಗಳಲ್ಲಿ ಎಣಿಸಿದಷ್ಟೇ ಜನರಿರುತ್ತಾರೆ. ಹೆಸರಿನ ಜೊತೆ ಬಿರುದು ಅಚ್ಚಾಗುವುದಿಲ್ಲ, ಮಾಡಿದ ಕೆಲಸ ಅಚ್ಚಾಗುತ್ತದೆ. ಸಮಾರಂಭಗಳ ನಿರೂಪಕರೂ ಅತಿಥಿಯ ಹೆಸರು, ಕಾಯಕ, ಮಾಡಿದ ಒಂದು ಕೆಲಸ ಇಷ್ಟನ್ನೇ ಹೇಳಿ ಕುಳಿತುಕೊಳ್ಳಲಿ. ನಾವು ತಪ್ಪಿದರೆ ಆ ಹಿರಿಯ ಶರಣೆಯಂತೆ ಎದುರು ನಿಂತು ಕೇಳಿ. ಅಂದು ಯಲಹಂಕದಲ್ಲಿ ಸೇರಿದ್ದವರು ಮುನ್ನೂರು ಜನ. ಅವರೆಲ್ಲರ ಕ್ಷಮೆ ಕೋರುತ್ತೇವೆ.


– ಸಂಪಾದಕ